ಪ್ರಶಂಸೆಯೂ ಪ್ರೋತ್ಸಾಹವೂ

ನಾವು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಬರೆದ ಇಂಗ್ಲಿಷ್ ಪ್ರಬಂಧವೊಂದರ ಕೆಳಗೆ ಉಪಾಧ್ಯಾಯರು ‘ಫೇರ್’ ಎಂದು ಬರೆದು ಹಿಂದಿರುಗಿಸಿದರು. ಆ ಶಬ್ದಕ್ಕೆ ‘ಸುಂದರ’ವೆಂಬ ಅರ್ಥವೊಂದನ್ನೇ ಅರಿತಿದ್ದ ನಾವು ಹಿಗ್ಗಿ, ಅದನ್ನು ಮನೆಮಂದಿಗೆಲ್ಲ ತೋರಿಸಿದೆವು. ಅದು ‘ಗುಡ್’ ಎಂಬುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ‘ಪರವಾಯಿಲ್ಲ’ ಎಂಬಷ್ಟೇ ಅದರ ತಾತ್ಪರ್ಯ ಎಂಬುದು ತಿಳಿದದ್ದು ಬಹುಕಾಲದ ಮೇಲೆ. ಇದಕ್ಕೆ ವಿಪರೀತವಾಗಿ, ಇಂಗ್ಲಿಷಿನವನು ‘ನಾಟ್ ಬ್ಯಾಡ್’, ಅಂದರೆ ‘ಕೆಟ್ಟದ್ದಲ್ಲ’ ಎಂದರೆ, ಅದು ಎಷ್ಟೋ ವೇಳೆ ದೊಡ್ಡ ಮೆಚ್ಚುಗೆಯೇ ಆಗಿರುತ್ತದೆ. ಹೊಗಳಿಕೆಯ ಮಾತುಗಳಲ್ಲಿ ನಿಘಂಟಿನ ಅರ್ಥ ಒಂದು, ಬಳಕೆಯ ತೂಕ ಮತ್ತೊಂದು.

ಈ ಮಾತುಗಳಲ್ಲಿ ಹಲವು ಇಂಗ್ಲಿಷರು ಎರವಾಗಿ ತಂದುಕೊಂಡವು. ‘ಬ್ರಾವೋ’ ಇಟಲಿಯದು, ‘ಕ್ಯೂಡಾಸ್’ ಗ್ರೀಕರದು, ‘ಆಂಕೋರ್’ ಫ್ರೆಂಚರದು. ವಿನೋದವೇನೆಂದರೆ, ಹಾಡನ್ನು ಮತ್ತೊಮ್ಮೆ ಕೇಳಬಯಸಿದಾಗ ಫ್ರೆಂಚರು ಕೂಗುವುದು ‘ಬಿಸ್’ ಎಂಬ ಲ್ಯಾಟಿನ್ ಶಬ್ದವನ್ನು! ನಾವು ನಿತ್ಯವೂ ಆಡುವ ‘ಶಾಭಾಸ್’ ಕೂಡ ಪಾರಸಿಯಿಂದ ಬಂದದ್ದು. ‘ಸಂತೋಷವಾಗಿರು’ ಎಂಬ ಹರಕೆಯೇ ಅದರ ಮೂಲಾರ್ಥ.

ಆದರೆ ಹೊಗಳುವುದೂ ಹುರಿದುಂಬಿಸುವುದೂ ಒಂದೇ ಅಲ್ಲ. ಈ ಭೇದವನ್ನು ಶಬ್ದಗಳ ಹುಟ್ಟೇ ಹೇಳುತ್ತದೆ. ಹೊಗಳಿಕೆಯೆಂಬರ್ಥದ ‘ಪ್ರೇಯ್ಸ್’, ಬೆಲೆಯೆಂಬರ್ಥದ ‘ಪ್ರೈಸ್’ ಎರಡೂ ಒಂದೇ ಲ್ಯಾಟಿನ್ ಮೂಲದವು. ‘ಎನ್‌ಕರೇಜ್’ ಎಂಬುದರ ಒಳಗಿರುವುದಾದರೋ ಹೃದಯವೆಂಬರ್ಥದ ಶಬ್ದ. ಹೊಗಳುವವನು ಬೆಲೆ ಕಟ್ಟುತ್ತಾನೆ. ಪ್ರೋತ್ಸಾಹಿಸುವವನು ಎದೆಗೆ ಬಲ ಕೊಡುತ್ತಾನೆ. ಬೆಲೆಯನ್ನು ಕೆಲಸ ಮುಗಿದ ಮೇಲೆ ಕಟ್ಟಬಹುದು. ಎದೆಯ ಬಲ ಬೇಕಾಗುವುದು ಕೆಲಸದ ನಡುವೆ.

ಇದನ್ನು ಸ್ಯಾಮುಯೆಲ್ ಜಾನ್ಸನನಷ್ಟು ನೋವಿನಿಂದ ಅರಿತವರು ವಿರಳ. 1747ರಲ್ಲಿ ಆತನು ತಾನು ರಚಿಸಲಿದ್ದ ಇಂಗ್ಲಿಷ್ ನಿಘಂಟಿನ ಯೋಜನೆಯನ್ನು ಲಾರ್ಡ್ ಚೆಸ್ಟರ್‌ಫೀಲ್ಡನನ್ನು ಉದ್ದೇಶಿಸಿ ಪ್ರಕಟಿಸಿದನು. ಅನಂತರದ ವರ್ಷಗಳೆಲ್ಲ ಬಡತನದ ದುಡಿಮೆಯಲ್ಲಿ ಕಳೆದವು. 1752ರಲ್ಲಿ ಹೆಂಡತಿ ತೀರಿಕೊಂಡಳು. ಸುಮಾರು 42,000 ಶಬ್ದಗಳ ಗ್ರಂಥವು ಮುಗಿಯುತ್ತ ಬಂದಾಗ, 1754ರ ಕೊನೆಯಲ್ಲಿ, ಆ ಪ್ರಭುವು ಪತ್ರಿಕೆಯೊಂದರಲ್ಲಿ ಎರಡು ಲೇಖನಗಳನ್ನು ಬರೆದು ಅದನ್ನು ಹೊಗಳಿದನು. 1755ರ ಫೆಬ್ರವರಿ 7ರಂದು ಜಾನ್ಸನ್ ಬರೆದ ಉತ್ತರ ಜಗತ್ಪ್ರಸಿದ್ಧವಾದುದು. ಏಳು ವರ್ಷ ಒಂದು ಪ್ರೋತ್ಸಾಹದ ನುಡಿಯೂ ತನ್ನ ಪಾಲಿಗೆ ಬರಲಿಲ್ಲ, ಈಗ ಬಂದ ಮನ್ನಣೆಯನ್ನು ಹಂಚಿಕೊಳ್ಳಲು ತನಗೆ ಯಾರೂ ಇಲ್ಲ ಎಂಬುದು ಅದರ ಸಾರ. ಹೊಗಳಿಕೆ ಸುಳ್ಳಾಗಿರಲಿಲ್ಲ, ಹೊತ್ತು ಮೀರಿತ್ತು.

ಈಗ ನಾವೇ ಕೆಂಪು ಪೆನ್ಸಿಲು ಹಿಡಿದು ವಿದ್ಯಾರ್ಥಿಗಳ ಬರಹವನ್ನು ತಿದ್ದುವವರಾಗಿದ್ದೇವೆ. ಎಲ್ಲಕ್ಕೂ ‘ಎಕ್ಸಲೆಂಟ್’ ಎಂದು ಬರೆದರೆ ಆ ಶಬ್ದದ ಬೆಲೆ ಹೋಗುತ್ತದೆ. ಎಂದೂ ಏನನ್ನೂ ಹೇಳದಿದ್ದರೆ ಹುಡುಗರ ಎದೆ ಕುಗ್ಗುತ್ತದೆ. ಇಂತಹ ಸಂದಿಗ್ಧದಲ್ಲಿ ನಮಗೆ ಆ ಹಳೆಯ ಪ್ರಬಂಧವೇ ನೆನಪಾಗುತ್ತದೆ. ‘ಫೇರ್’ ಎಂಬುದರ ಕೆಳಗೆ ಉಪಾಧ್ಯಾಯರು ಸಣ್ಣ ಅಕ್ಷರಗಳಲ್ಲಿ, ‘ಬರುವ ವಾರ ಇನ್ನೊಂದನ್ನು ಬರೆದು ತಾ’ ಎಂದೂ ಸೇರಿಸಿದ್ದರು. ಅಂದು ನಾವು ಹಿಗ್ಗಿದ್ದು ಮೇಲಿನ ಶಬ್ದಕ್ಕೆ. ಹಿಗ್ಗಬೇಕಾಗಿದ್ದುದು ಕೆಳಗಿನ ಸಾಲಿಗೆ.