ಬೇಲಿಯಿಲ್ಲದ ಬಯಲಿನಲ್ಲಿ ಗಾಲ್ಫ್

ಗಾಲ್ಫ್ ಎಂದೊಡನೆ ಬೇಲಿ, ಗೇಟು, ಸದಸ್ಯರಲ್ಲದವರನ್ನು ತಡೆಯುವ ಕಾವಲುಗಾರ ನೆನಪಾಗುವುದು ಸಹಜ. ಆದರೆ ಇಂಗ್ಲೆಂಡಿನ ಅತಿ ಹಳೆಯ ಗಾಲ್ಫ್ ಕ್ಲಬ್ ಎನಿಸಿಕೊಂಡ ರಾಯಲ್ ಬ್ಲ್ಯಾಕ್‌ಹೀತ್ ಬಹುಕಾಲ ಆಡಿದ್ದು ಯಾರು ಬೇಕಾದರೂ ನಡೆದಾಡಬಹುದಾದ ಬಯಲಿನಲ್ಲಿ.

ಬ್ಲ್ಯಾಕ್‌ಹೀತ್ ಇರುವುದು ಲಂಡನ್ನಿನ ಆಗ್ನೇಯಕ್ಕೆ, ಗ್ರೀನಿಚ್ ಪಾರ್ಕಿನ ಗೋಡೆಯ ಮಗ್ಗುಲಲ್ಲಿ. ಇಂಥ ಜಾಗವನ್ನು ಅಲ್ಲಿನವರು 'ಕಾಮನ್' ಎನ್ನುತ್ತಾರೆ. ನಮ್ಮ ಗೋಮಾಳವನ್ನು ಹೋಲುತ್ತದಾದರೂ ಒಂದು ವ್ಯತ್ಯಾಸವಿದೆ. ಗೋಮಾಳ ಸರ್ಕಾರದ್ದು. ಕಾಮನ್‌ಗೆ ಸಾಮಾನ್ಯವಾಗಿ ಒಬ್ಬ ಜಮೀನ್ದಾರ ಒಡೆಯನಿರುತ್ತಾನೆ. ಆದರೆ ಅವನ ನೆಲದ ಮೇಲೆ ಇತರರಿಗೆ ದನ ಮೇಯಿಸುವ, ಸೌದೆ ತರುವ ಹಕ್ಕು ತಲೆಮಾರುಗಳಿಂದ ಬಂದಿರುತ್ತದೆ.

1381ರಲ್ಲಿ ವಾಟ್ ಟೈಲರನ ನೇತೃತ್ವದಲ್ಲಿ ದಂಗೆಯೆದ್ದ ರೈತರು ಬೀಡುಬಿಟ್ಟದ್ದು ಈ ಬಯಲಿನಲ್ಲೇ. ಮುಂದೆ 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿನ ಪಟ್ಟವನ್ನೂ ಏರಿದಾಗ ಅವನ ಪರಿವಾರ ತನ್ನ ನಾಡಿನ ಆಟವನ್ನು ಇಲ್ಲಿಗೆ ತಂದಿತು, 1608ರಲ್ಲೇ ಕ್ಲಬ್ ಹುಟ್ಟಿತು ಎಂಬುದು ಪ್ರತೀತಿ. ದಾಖಲೆ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಗಟ್ಟಿ ಸಾಕ್ಷಿ 1766ರದು, ಆಟಗಾರರಿಗೆ ಕಾಣಿಕೆಯಾಗಿ ಬಂದ ಬೆಳ್ಳಿಯ ಗಾಲ್ಫ್ ಕೋಲು.

ಆಟ ಹೇಗಿತ್ತೆಂದು ಊಹಿಸಿಕೊಳ್ಳಿ. ಇಂದಿನಂತೆ 18 ಕುಳಿಗಳಲ್ಲ. ಮೊದಲು ಐದು, 19ನೇ ಶತಮಾನದಲ್ಲಿ ಏಳು. ಜಲ್ಲಿ ತೆಗೆದು ಬಿಟ್ಟ ಹೊಂಡಗಳು, ಬಯಲನ್ನು ಹಾದುಹೋಗುವ ರಸ್ತೆಗಳು ಎಲ್ಲವೂ ಆಟದ ಅಡೆತಡೆಗಳೇ. ದಾರಿಹೋಕರಿಗೆ ಚೆಂಡು ಬಡಿಯದಂತೆ ಎಚ್ಚರಿಸಲು ಒಬ್ಬ ಕೆಂಪು ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದ. ಆಟಗಾರರದು ಕೆಂಪು ಕೋಟು. ಶ್ರೀಮಂತರೇ ಆದರೂ 'ದಾರಿ ಬಿಡಿ' ಎಂದು ಕೇಳಿಕೊಳ್ಳಬೇಕಿತ್ತೇ ಹೊರತು, 'ಹೊರಗೆ ಹೋಗಿ' ಎನ್ನುವಂತಿರಲಿಲ್ಲ.

ಆ ಕಾಲದ ಒಂದು ಚಿತ್ರ ಪ್ರಸಿದ್ಧ. ಲೆಮ್ಯುಯೆಲ್ ಅಬಟ್ ಬರೆದ ಅದರಲ್ಲಿ ಕೆಂಪು ಕೋಟಿನ ಆಟಗಾರ ವಿಲಿಯಂ ಇನೆಸ್ ಮುಂದೆ. ಕೋಲು ಹೊತ್ತ ಸಹಾಯಕ ಹಿಂದೆ. ಆತ ಗ್ರೀನಿಚ್ ಆಸ್ಪತ್ರೆಯ ಆಶ್ರಯದಲ್ಲಿದ್ದ ನಿವೃತ್ತ ನಾವಿಕ. ದೇಶಕ್ಕಾಗಿ ಸಮುದ್ರದಲ್ಲಿ ಕಾದಾಡಿದವನಿಗೆ ಮುಪ್ಪಿನಲ್ಲಿ ಪುಡಿಗಾಸಿನ ಈ ಕೆಲಸ! ಇಂದು ಉಳಿದಿರುವುದು 1790ರ ಅಚ್ಚಿನ ಪ್ರತಿಗಳು. ಮೂಲಚಿತ್ರ ಭಾರತದಲ್ಲಿ 1857ರ ದಂಗೆಯಲ್ಲಿ ನಾಶವಾಯಿತೆಂಬ ಮಾತಿದೆ. ಅಂದ ಹಾಗೆ, ಅಷ್ಟು ಹೊತ್ತಿಗೆ ಆಟವೂ ಭಾರತಕ್ಕೆ ಬಂದಾಗಿತ್ತು: ಕಲ್ಕತ್ತದ ಕ್ಲಬ್ 1829ರದು, ಬೆಂಗಳೂರಿನದು 1876ರದು.

ಇತ್ತ ಲಂಡನ್ ಬೆಳೆಯುತ್ತಿತ್ತು. ಕಾಮನ್‌ಗಳು ಒಂದೊಂದಾಗಿ ಬೇಲಿಯೊಳಗೆ ಸೇರಿ ಮನೆಗಳಾಗುತ್ತಿದ್ದವು. 1866ರಲ್ಲಿ ಪಾರ್ಲಿಮೆಂಟು ಕಾಯ್ದೆ ತಂದು ರಾಜಧಾನಿಯ ಸುತ್ತಲಿನ ಕಾಮನ್‌ಗಳ ಒತ್ತುವರಿಗೆ ತಡೆ ಹಾಕಿತು. 1871ರಲ್ಲಿ ಬ್ಲ್ಯಾಕ್‌ಹೀತ್‌ನ ಉಸ್ತುವಾರಿ ನಗರದ ಲೋಕೋಪಯೋಗಿ ಮಂಡಳಿಗೆ ಬಂತು, 1889ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್‌ಗೆ. ಬಯಲು ಉಳಿಯಿತು. ಅದು ಕ್ಲಬ್ಬಿಗಾಗಿ ಉಳಿದದ್ದಲ್ಲ, ಎಲ್ಲರಿಗಾಗಿ. ವಿಹಾರಕ್ಕೆ ಬರುವವರು, ಚೆಂಡಾಟದ ಹುಡುಗರು, ವಾಹನಗಳು ಹೆಚ್ಚಿದಂತೆ ಕಲ್ಲಿನಷ್ಟು ಗಟ್ಟಿಯಾದ ಚೆಂಡನ್ನು ಜನರ ನಡುವೆ ಹೊಡೆಯುವುದು ಕಷ್ಟವಾಯಿತು. ಮೊದಲ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ, 1923ರಲ್ಲಿ, ಕ್ಲಬ್ ನೆರೆಯ ಎಲ್ಥಮ್ ಕ್ಲಬ್ಬಿನೊಡನೆ ಒಂದಾಗಿ ಅಲ್ಲಿನ ಖಾಸಗಿ ಮೈದಾನಕ್ಕೆ ಹೊರಟಿತು. ಬೆಳ್ಳಿಯ ಕೋಲೂ ಜೊತೆಗೆ ಹೋಯಿತು.

ಬಯಲಿನ ಹೊಂಡಗಳಲ್ಲಿ ಹೆಚ್ಚಿನವನ್ನು ಎರಡನೆಯ ಮಹಾಯುದ್ಧದ ನಂತರ, ಬಾಂಬಿಗೆ ಬಿದ್ದ ಲಂಡನ್ ಮನೆಗಳ ಇಟ್ಟಿಗೆ, ಗಾರೆಗಳಿಂದ ಮುಚ್ಚಲಾಯಿತು. 1981ರಿಂದ ಲಂಡನ್ ಮ್ಯಾರಥಾನ್ ಓಟಗಾರರು ಹೊರಡುವುದು ಇದೇ ಬ್ಲ್ಯಾಕ್‌ಹೀತ್ ಕಡೆಯಿಂದ.