ಕಡಲಿನ ಮೇಲೆ ಯಾವ ಠಾಣೆಯ ಸರಹದ್ದು?



ಕಾಮಾಕ್ಷಿಪಾಳ್ಯದಲ್ಲಿ ಬೈಕ್ ಕಳೆದುಕೊಂಡವರು ಪೊಲೀಸ್ ಠಾಣೆಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ, 'ಕಳ್ಳತನ ನಡೆದದ್ದು ಎಲ್ಲಿ?' ಕಾಮಾಕ್ಷಿಪಾಳ್ಯ, ಬಸವೇಶ್ವರನಗರ, ವಿಜಯನಗರ, ಮಾಗಡಿ ರಸ್ತೆ ಹೀಗೆ ಹತ್ತಿರ ಹತ್ತಿರವೇ ಠಾಣೆಗಳು. ಪ್ರತಿಯೊಂದಕ್ಕೂ ಅದರದೇ ಸರಹದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅನಂತರ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ನೆಲದ ಮೇಲಾದರೆ ಅಂಥದೊಂದು ಠಾಣೆ ಇದ್ದೇ ಇರುತ್ತದೆ. ಆಕಾಶದಲ್ಲಿ, ನಡುಗಡಲಲ್ಲಿ?

ಆಕಾಶದ ಸಂಗತಿ ಅಷ್ಟೇನೂ ಕಷ್ಟದ್ದಲ್ಲ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ ವೃದ್ಧೆಯೊಬ್ಬರೊಡನೆ ಅಸಭ್ಯವಾಗಿ ನಡೆದುಕೊಂಡನೆಂಬ ಆರೋಪ ಪ್ರಯಾಣಿಕನೊಬ್ಬನ ಮೇಲೆ ಬಂತು. ಪ್ರಕರಣ ದಾಖಲಿಸಿಕೊಂಡ ದೆಹಲಿ ಪೊಲೀಸರು 2023ರ ಜನವರಿಯಲ್ಲಿ ಆತನನ್ನು ಬಂಧಿಸಿದ್ದು ಬೆಂಗಳೂರಿನಲ್ಲಿ. ಆ ಹೊತ್ತಿಗೆ ವಿಮಾನ ಯಾವ ದೇಶದ ಮೇಲೆ ಹಾರುತ್ತಿತ್ತು ಎಂದು ಅಳೆಯುತ್ತಾ ಕೂರಬೇಕಾಗಿರಲಿಲ್ಲ. ಭಾರತದಲ್ಲಿ ನೋಂದಣಿಯಾದ ವಿಮಾನ ಎಲ್ಲೇ ಇರಲಿ, ಅದರೊಳಗಿನ ಅಪರಾಧಕ್ಕೆ ಭಾರತದ ಕಾನೂನು ಅನ್ವಯಿಸುತ್ತದೆ. ವಿಮಾನದ ಮೈಮೇಲೆ ಬರೆದ 'ವಿಟಿ' ಎಂಬ ಎರಡಕ್ಷರವೇ ಅದರ ಸರಹದ್ದು ಎನ್ನಬಹುದು. 1963ರ ಟೋಕಿಯೊ ಒಪ್ಪಂದದ ತಿರುಳೂ ಇದೇ. ಅದಕ್ಕಾಗಿ ಭಾರತ 1975ರಲ್ಲಿ ಕಾಯ್ದೆ ಮಾಡಿತು. ದುಬೈಯಿಂದ ದೇವನಹಳ್ಳಿಗೆ ಬರುವ ವಿದೇಶಿ ವಿಮಾನದಲ್ಲಿ, ಅರಬ್ಬೀ ಸಮುದ್ರದ ಮೇಲೆ ಹೊಡೆದಾಟವಾದರೆ ಮಾತ್ರ ತೊಡಕು. ಆರೋಪಿಯನ್ನು ಇಳಿದಲ್ಲಿ ಪೊಲೀಸರಿಗೆ ಒಪ್ಪಿಸುವ ಅಧಿಕಾರ ಪೈಲಟ್‌ಗೆ ಇದೆ; ವಿಚಾರಣೆಯ ಹಕ್ಕು ಸಾಮಾನ್ಯವಾಗಿ ನೋಂದಣಿಯ ದೇಶದ್ದು.

ಕಡಲಿನ ಲೆಕ್ಕ ಬೇರೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ವರೆಗಿನ ನೀರು ದೇಶದ್ದೇ. ಅಲ್ಲಿಂದಾಚೆ, 200 ಮೈಲಿಯವರೆಗೆ, ಮೀನು ಮತ್ತು ತೈಲದ ಮೇಲೆ ಹಕ್ಕುಂಟು. ಹಾದುಹೋಗುವ ಹಡಗಿನ ಮೇಲೆ ಅಷ್ಟು ಸಲೀಸಾದ ಅಧಿಕಾರವಿಲ್ಲ.

2021ರ ಏಪ್ರಿಲ್ 13ರಂದು, ಬೆಳಕು ಹರಿಯುವ ಮುನ್ನ, ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ದೂರದಲ್ಲಿ ಕೇರಳದ ಬೇಪೂರಿನ 'ರಬಾಹ್' ಮೀನುಗಾರಿಕಾ ದೋಣಿಗೂ ಸಿಂಗಪುರದ ಧ್ವಜ ಹೊತ್ತ 'ಎಪಿಎಲ್ ಲೆ ಹಾವ್ರ್' ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದವರು 14 ಮಂದಿ. ಬದುಕಿ ಬಂದವರು ಇಬ್ಬರೇ.

ಇಂಥ ಡಿಕ್ಕಿಗೆ ಹಡಗಿನ ಕ್ಯಾಪ್ಟನ್ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದಾದದ್ದು ಎರಡೇ ದೇಶ: ಹಡಗಿನ ಧ್ವಜದ ದೇಶ, ಇಲ್ಲವೇ ಕ್ಯಾಪ್ಟನ್‌ನ ಸ್ವಂತ ದೇಶ. 1982ರ ಸಮುದ್ರ ಕಾನೂನು ಒಪ್ಪಂದದ 97ನೇ ವಿಧಿ ಹೇಳುವುದು ಹೀಗೆ. ಸತ್ತವರ ದೇಶಕ್ಕೆ ಅಲ್ಲಿ ಜಾಗವಿಲ್ಲ. ಈ ನಿಯಮದ ಹಿಂದೆ ಹಳೆಯ ಜಗಳವೊಂದಿದೆ. 1926ರಲ್ಲಿ ಫ್ರಾನ್ಸಿನ 'ಲೋಟಸ್' ಹಡಗು ಡಿಕ್ಕಿ ಹೊಡೆದು ಟರ್ಕಿಯ ಎಂಟು ಮಂದಿ ಸತ್ತರು. ಟರ್ಕಿ ಫ್ರೆಂಚ್ ಅಧಿಕಾರಿಯನ್ನು ಹಿಡಿದು ಶಿಕ್ಷೆ ವಿಧಿಸಿತು. ಮರುವರ್ಷ ಅಂತರರಾಷ್ಟ್ರೀಯ ನ್ಯಾಯಾಲಯ, ಮತಗಳು ಸಮನಾದಾಗ ಅಧ್ಯಕ್ಷರ ನಿರ್ಣಾಯಕ ಮತದಿಂದ, ಟರ್ಕಿಯ ಪರ ತೀರ್ಪಿತ್ತಿತು. ನಾವಿಕರೂ ಹಡಗಿನ ದೇಶಗಳೂ ಒಪ್ಪಲಿಲ್ಲ; ಮುಂದಿನ ಒಪ್ಪಂದಗಳಲ್ಲಿ ಆ ತೀರ್ಪನ್ನು ತಿರುವಿಹಾಕಿಸಿದರು. ಹಡಗು ಉಳ್ಳವರ ಕೈ ಮೇಲಾಯಿತು ಎನ್ನದೆ ವಿಧಿಯಿಲ್ಲ.

ಉಳಿದದ್ದು ಪರಿಹಾರದ ದಾರಿ. 2017ರ ಅಡ್ಮಿರಾಲ್ಟಿ ಕಾಯ್ದೆ ಕರ್ನಾಟಕ ಹೈಕೋರ್ಟಿಗೂ ಹಡಗನ್ನು ಜಪ್ತಿ ಮಾಡಿಸುವ ಅಧಿಕಾರ ಕೊಟ್ಟಿದೆ. ಕಡಲೇ ಕಾಣದ ಬೆಂಗಳೂರಿನ ನ್ಯಾಯಪೀಠ ಮಂಗಳೂರಿನಲ್ಲಿ ಲಂಗರು ಹಾಕಿದ ಹಡಗನ್ನು ನಿಲ್ಲಿಸಬಲ್ಲದು!

ಡಿಕ್ಕಿ ಬಿಡಿ, ಗುಂಡಿಕ್ಕಿ ಕೊಂದರೆ? 2012ರ ಫೆಬ್ರುವರಿ 15ರಂದು ಕೇರಳದ ದಡದಿಂದ 20.5 ನಾಟಿಕಲ್ ಮೈಲಿ ದೂರದಲ್ಲಿ ಇಟಲಿಯ 'ಎನ್ರಿಕಾ ಲೆಕ್ಸಿ' ಹಡಗಿನಿಂದ ಹಾರಿದ ಗುಂಡಿಗೆ ಇಬ್ಬರು ಮೀನುಗಾರರು ಬಲಿಯಾದರು. ಕಡಲ್ಗಳ್ಳರೆಂದು ಭಾವಿಸಿದೆವು ಎಂಬುದು ಇಟಲಿಯ ನೌಕಾ ಯೋಧರ ವಾದ. ಕೇರಳ ಪೊಲೀಸರು ಇಬ್ಬರು ಯೋಧರನ್ನು ಬಂಧಿಸಿದರು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಇದು ಕೇರಳದ ವ್ಯಾಪ್ತಿಯಲ್ಲ, ಕೇಂದ್ರದ್ದು ಎಂದಿತು. 2020ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ ಮಂಡಳಿಯು ಯೋಧರು ಸರ್ಕಾರಿ ಕರ್ತವ್ಯದಲ್ಲಿದ್ದುದರಿಂದ ಭಾರತ ವಿಚಾರಣೆ ನಡೆಸುವಂತಿಲ್ಲ, ಆದರೆ ಪರಿಹಾರ ಪಡೆಯಬಹುದು ಎಂದು ಹೇಳಿತು. ಇಟಲಿ 10 ಕೋಟಿ ರೂ. ಕೊಟ್ಟಿತು, ಮೃತರ ಕುಟುಂಬಗಳಿಗೆ ತಲಾ 4 ಕೋಟಿ. 2021ರ ಜೂನ್ 15ರಂದು ಸುಪ್ರೀಂ ಕೋರ್ಟ್ ಇಲ್ಲಿನ ಮೊಕದ್ದಮೆಗೆ ತೆರೆ ಎಳೆಯಿತು. ಮುಂದಿನ ಜನವರಿಯಲ್ಲಿ ರೋಮ್‌ನ ನ್ಯಾಯಾಲಯವೂ ಕಡತ ಮುಚ್ಚಿತು. ಹತ್ತು ವರ್ಷ ಎರಡು ದೇಶ ಹೊಡೆದಾಡಿದ್ದು ವಿಚಾರಣೆ ಯಾರದೆಂಬುದಕ್ಕೆ. ವಿಚಾರಣೆ ಮಾತ್ರ ಎಲ್ಲಿಯೂ ನಡೆಯಲಿಲ್ಲ.