ಬಾಯಲ್ಲಿರುವ ಐದು, ಹಾಳೆಯ ಮೇಲಿನ ಐದು
(ಸಂಘದ ಸಂಸ್ಥಾಪನಾ ದಿನದಂದು ಮಾಡಿದ ಭಾಷಣದ ಬರಹರೂಪ)



ನಮ್ಮ ಮಕ್ಕಳು ಶನಿವಾರ ಗುರುಗಳೆದುರು ಕೂತು ತೊಡೆ ತಟ್ಟಿ ಜತಿ ಹೇಳುತ್ತಾರೆ. ಸೋಮವಾರ ಶಾಲೆಯ ವಾದ್ಯಮೇಳದಲ್ಲಿ ಐದು ಗೆರೆಯ ಸ್ವರಲಿಪಿ ನೋಡಿ ಪಿಟೀಲು ನುಡಿಸುತ್ತಾರೆ. ಒಂದು ಖಂಡನಡೆಯ ಮುಕ್ತಾಯವನ್ನು ಶಾಲೆಯ ಗೆಳೆಯರೊಡನೆ ನುಡಿಸುವ ಆಸೆ ಅವರಿಗಿದೆ. ಆ ಗೆಳೆಯರಿಗೆ ಹಾಳೆ ಬೇಕು. ಬರೆದುಕೊಡಬೇಕಾದವರು ನಾವು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಖಂಡಜಾತಿ ಅಟ ತಾಳದ ಅಲಂಕಾರ ಹಾಡಿದವರಿಗೆಲ್ಲ ಐದರ ಪರಿಚಯವಿದೆ. ಆದರೆ ಅಲ್ಲಿ ಐದು ಎಂಬುದು ಲಘುವಿನ ಅಕ್ಷರಗಳ ಎಣಿಕೆ: 5, 5, 2, 2, ಒಟ್ಟು 14. ಅದು ತಾಳದ ಉದ್ದ. ಖಂಡನಡೆಯ ಐದು ಬೇರೆ. ಒಂದೇ ಅಕ್ಷರಕಾಲದೊಳಗೆ ನಾಲ್ಕರ ಬದಲು ಐದನ್ನು ಸಮನಾಗಿ ಕೂರಿಸುವುದು. ಪಾಶ್ಚಾತ್ಯರು ಟ್ಯೂಪ್ಲೆಟ್ ಎಂದು ಕರೆದು, ನೆತ್ತಿಯ ಮೇಲೆ 5 ಎಂದು ಬರೆಯುವುದು ಈ ಎರಡನೆಯದನ್ನು ಮಾತ್ರ.

ಕಂಪ್ಯೂಟರಿನಲ್ಲಿ ಇದನ್ನು ಬರೆಯುವುದು ಕಷ್ಟವಲ್ಲ. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರಿನಲ್ಲಿ ಇಡೀ ಅಕ್ಷರಕಾಲವನ್ನು, ಅಂದರೆ ಕ್ವಾರ್ಟರ್ ನೋಟನ್ನು ಆರಿಸಿ, ಕಂಟ್ರೋಲ್ ಕೀಲಿಯೊಡನೆ 5 ಒತ್ತಿದರೆ ಐದು ಮನೆಗಳು ಸಿದ್ಧ. ಮಿಶ್ರಕ್ಕೆ 7. ಸಿಬೇಲಿಯಸ್ಸಿನ ಪದ್ಧತಿ ತಿರುಗುಮುರುಗು: ಮೊದಲ ಚಿಕ್ಕ ಸ್ವರವನ್ನು ಬರೆದು, ಅದಕ್ಕೆ 5 ಹಚ್ಚಬೇಕು.

ತೊಡಕಿರುವುದು ನಮ್ಮವರ ಜಾಣತನದಲ್ಲಿ! ಖಂಡನಡೆಯಲ್ಲಿ ಯಾರೂ ಬರೀ ‘ತದಿಗಿಣತೊಂ’ ಹೇಳುತ್ತ ಕೂರುವುದಿಲ್ಲ. ಐದರ ನಡೆಯಲ್ಲಿ ‘ತಕಧಿಮಿ’ ಹೇಳುತ್ತಾರೆ. ನಾಲ್ಕು ಅಕ್ಷರಕ್ಕೆ 20 ಸೊಲ್ಲು. ಐದು ತಕಧಿಮಿಗಳು ಅದರೊಳಗೆ ಸರಿಯಾಗಿ ಹಿಡಿಯುತ್ತವೆ. ‘ತ’ ಬೀಳುವ ಜಾಗ ನೋಡಿ: ಮೊದಲ ಅಕ್ಷರದಲ್ಲಿ ಒಂದನೆಯ ಮತ್ತು ಐದನೆಯ ಮನೆ, ಎರಡನೆಯದರಲ್ಲಿ ನಾಲ್ಕನೆಯದು, ಮೂರನೆಯದರಲ್ಲಿ ಮೂರನೆಯದು, ನಾಲ್ಕನೆಯದರಲ್ಲಿ ಎರಡನೆಯದು. ಕಿವಿ ನಾಲ್ಕು ಕೇಳುತ್ತದೆ, ಕೈ ಐದು ಅಳೆಯುತ್ತದೆ.

ಕಿವಿಯ ಮಾತು ನಂಬಿ ತಕಧಿಮಿಗೊಂದರಂತೆ ನಾಲ್ಕು ನಾಲ್ಕು ಸ್ವರ ಕಟ್ಟಿದರೆ ಕಂಪ್ಯೂಟರು ಅದನ್ನು ಚತುರಶ್ರವೆಂದೇ ತಿಳಿಯುತ್ತದೆ. 20 ಸೊಲ್ಲಿಗೆ ನಾಲ್ಕರ ಬದಲು ಐದು ಅಕ್ಷರ ಹಿಡಿದು, ಮೃದಂಗದವರು ಸಮಕ್ಕೆ ಬಂದ ಮೇಲೆ ಪಿಟೀಲು ಒಂದು ಅಕ್ಷರ ತಡವಾಗಿ ಬರುತ್ತದೆ! ಆದ್ದರಿಂದ 5ರ ಗುರುತು ಯಾವಾಗಲೂ ಅಕ್ಷರಕ್ಕೆ ಸೇರಿದ್ದು; ತಕಧಿಮಿಗೆ ಬೇಕಾದ್ದು ‘ತ’ದ ಮೇಲೊಂದು ಒತ್ತಿನ ಗುರುತು ಮಾತ್ರ. ಬರೆಯುವ ಮೊದಲು ತಾಳ ಹಾಕಿ ಒಮ್ಮೆ ಬಾಯಲ್ಲಿ ಹೇಳಿಬಿಟ್ಟರೆ ಯಾವುದು ಯಾವುದಕ್ಕೆ ಸೇರಿದ್ದೆಂದು ಕೈಯೇ ತಿಳಿಸುತ್ತದೆ. ಬರೆದಾದ ಮೇಲೆ ಕಂಪ್ಯೂಟರಿನಿಂದಲೇ ನುಡಿಸಿ ಕೇಳಬಹುದು. ಗಮಕದ ಗಂಧವೂ ಅದಕ್ಕಿಲ್ಲ, ಲೆಕ್ಕ ಮಾತ್ರ ತಪ್ಪದು.

ಇನ್ನೊಂದು ಮಾತು. 1988ರಲ್ಲಿ ಬಂದು ಜಗತ್ತಿನೆಲ್ಲೆಡೆ ಬಳಕೆಯಾದ ಫಿನಾಲೆ ತಂತ್ರಾಂಶದ ಬೆಳವಣಿಗೆಯನ್ನು ನಿಲ್ಲಿಸುವುದಾಗಿ ತಯಾರಕರು 2024ರ ಆಗಸ್ಟಿನಲ್ಲಿ ಪ್ರಕಟಿಸಿದರು. ಅದರಲ್ಲಿ ಬರೆದಿಟ್ಟ ಪಾಠಗಳು ನಿಮ್ಮಲ್ಲಿದ್ದರೆ, ತೆರೆಯಲು ಬರುವಾಗಲೇ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲೊಂದು ಪ್ರತಿ ತೆಗೆದಿಡಿ. ಬೇರೆ ತಂತ್ರಾಂಶಗಳು ಅದನ್ನು ಓದಬಲ್ಲವು. ಕಾಗದದ ಮೇಲೂ ಒಂದಿರಲಿ. ಸ್ವರಗಳ ಕೆಳಗೆ, ಸಾಹಿತ್ಯ ಬರೆಯುವ ಸಾಲಿನಲ್ಲಿ, ಜತಿಯನ್ನು ಕನ್ನಡ ಲಿಪಿಯಲ್ಲೇ ಹಾಕಿ. ಶಾಲೆಯ ಗೆಳೆಯರಿಗಾಗಿ ಅದರಡಿ ರೋಮನ್ ಲಿಪಿಯ ಇನ್ನೊಂದು ಸಾಲಿಗೂ ಜಾಗವಿದೆ.